ಹಳೆಯ ಕಟ್ಟಡಗಳ ಬಾಗಿಲು ತೆರೆಯುವವರು ಯಾರು?

ವರ್ಷದಲ್ಲಿ ಎರಡು ದಿನ, ಏಪ್ರಿಲ್ 18 ಮತ್ತು ನವೆಂಬರ್ 19ರಂದು, ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳನ್ನು ನೋಡಲು ಪ್ರವೇಶ ಶುಲ್ಕವಿಲ್ಲ. ಮೊದಲನೆಯದು ವಿಶ್ವ ಪರಂಪರೆಯ ದಿನ. 1982ರಲ್ಲಿ ಇದರ ಸೂಚನೆ ಬಂದಿತು; ಮರುವರ್ಷ ಯುನೆಸ್ಕೊ ಸಂಸ್ಥೆ ಅದನ್ನು ಅಂಗೀಕರಿಸಿತು. ಎರಡನೆಯದು ನವೆಂಬರ್ 25ರವರೆಗೆ ನಡೆಯುವ ವಿಶ್ವ ಪರಂಪರೆ ಸಪ್ತಾಹದ ಮೊದಲ ದಿನ. ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿಯಾಗಿ ಬಂದು ಹೋಗುವ ಈ ಸಂಗತಿ ನಮ್ಮ ಕುಟುಂಬಗಳಲ್ಲಿ ಬಹುಮಂದಿಗೆ ತಿಳಿದಿಲ್ಲ. ತಿಳಿದವರೂ ಮನೆ ಬಿಟ್ಟು ಹೊರಡುವುದು ಅಪರೂಪ.

ಹೊರಡದಿರಲು ಕಾರಣಗಳಿಲ್ಲದಿಲ್ಲ. ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಪಾಳಿಯ ಮೇಲೆ ದುಡಿಯುವ ತಂದೆಗೆ ವಾರದಲ್ಲಿ ಸಿಗುವುದು ಒಂದೇ ರಜೆ. ಉಚಿತ ಪ್ರವೇಶದ ದಿನವಾದರೋ ಹೆಚ್ಚಿನ ವರ್ಷಗಳಲ್ಲಿ ವಾರದ ನಡುವೆ ಬರುತ್ತದೆ. 2025ರಲ್ಲಿ ಏಪ್ರಿಲ್ 18 ಬಂದದ್ದು ಪವಿತ್ರ ಶುಕ್ರವಾರದಂದೇ. ಅಂದು ನಮ್ಮ ಹೆಜ್ಜೆಗಳೆಲ್ಲ ಶಿಲುಬೆಹಾದಿಯ ಕಡೆಗಿದ್ದವು. ಇನ್ನು ಉತ್ತರ ಕರ್ನಾಟಕದಿಂದ, ತಮಿಳುನಾಡಿನಿಂದ, ಅದಕ್ಕೂ ದೂರದ ರಾಜ್ಯಗಳಿಂದ ಇಲ್ಲಿಗೆ ಬಂದು ಬಾಡಿಗೆ ಮನೆಗಳಲ್ಲಿ ನೆಲೆಸಿದವರಿಗೆ ಕಾರ್ಖಾನೆ, ಅಂಗಡಿ, ಚರ್ಚು, ಈ ಮೂರನ್ನು ಬಿಟ್ಟರೆ ಸುತ್ತಲಿನ ನಾಡಿನ ಪರಿಚಯವೇ ಇರುವುದಿಲ್ಲ. ತಾನು ಬೆಳೆಯುವ ನೆಲದ ಕಥೆ ತಿಳಿಯದ ಮಗು ಆ ನೆಲದಲ್ಲಿ ಎಷ್ಟು ವರ್ಷವಿದ್ದರೂ ಅತಿಥಿಯಾಗಿಯೇ ಉಳಿದುಬಿಡುತ್ತದೆ. ಆದಕಾರಣ ಈ ವಿಷಯವನ್ನು ಬರಿಯ ವಿಹಾರದ ಮಾತೆಂದು ತಳ್ಳಿಹಾಕುವಂತಿಲ್ಲ.

ಎರಡು ಬಗೆಯ ತೆರೆದ ದಿನಗಳು

ಯೂರೋಪಿನಲ್ಲಿ ಇಂಥ ದಿನಗಳು ಬೇರೊಂದು ಬಗೆಯಲ್ಲಿ ಆರಂಭವಾದವು. 1984ರಲ್ಲಿ ಫ್ರಾನ್ಸಿನ ಸಂಸ್ಕೃತಿ ಸಚಿವರಾಗಿದ್ದ ಜಾಕ್ ಲಾಂಗ್ ಅವರು ಐತಿಹಾಸಿಕ ಕಟ್ಟಡಗಳ ಬಾಗಿಲುಗಳನ್ನು ಒಂದು ದಿನ ಸಾರ್ವಜನಿಕರಿಗೆ ತೆರೆಸಿದರು. 1991ರಲ್ಲಿ ಯೂರೋಪ್ ಮಂಡಲಿಯು ಈ ಪದ್ಧತಿಯನ್ನು ಖಂಡಕ್ಕೆಲ್ಲ ಹರಡಿತು. ಇಂಗ್ಲೆಂಡಿನಲ್ಲಿ ಅದು 1994ರಲ್ಲಿ ಆರಂಭಗೊಂಡಿತು. ಪ್ರತಿ ಸೆಪ್ಟೆಂಬರ್‌ನಲ್ಲಿ ಪ್ಯಾರಿಸ್ಸಿನ ಜನ ತಮ್ಮ ರಾಷ್ಟ್ರಾಧ್ಯಕ್ಷರ ನಿವಾಸವನ್ನು ನೋಡಲು ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲುತ್ತಾರೆ. ಸಾಮಾನ್ಯ ದಿನಗಳಲ್ಲಿ ಬೀಗ ಬಿದ್ದಿರುವ ಗಂಟೆಗೋಪುರಗಳು, ಹಳೆಯ ಮಠಗಳು, ಚಿಕ್ಕ ಪ್ರಾರ್ಥನಾ ಮಂದಿರಗಳು ಅಂದು ತೆರೆಯುತ್ತವೆ. ಊರಿನವರೇ ಬಾಗಿಲಲ್ಲಿ ನಿಂತು ಬಂದವರಿಗೆ ವಿವರಿಸುತ್ತಾರೆ.

ನಮ್ಮಲ್ಲಿ ಮನ್ನಾ ಆಗುವುದು ಶುಲ್ಕ ಮಾತ್ರ. ಹಣ ಕೊಟ್ಟು ನಿತ್ಯವೂ ಹೋಗಬಹುದಾದ ಕಡೆಗೆ ಆ ದಿನ ಹಣವಿಲ್ಲದೆ ಹೋಗುತ್ತೇವೆ. ಹದಿನೈದು ವರ್ಷದೊಳಗಿನ ಮಕ್ಕಳಿಗಂತೂ ಈ ಸ್ಮಾರಕಗಳಲ್ಲಿ ಎಂದೂ ಶುಲ್ಕವಿಲ್ಲ. ದೇಶದಲ್ಲಿ ಇಲಾಖೆಯ ರಕ್ಷಣೆಗೆ ಒಳಪಟ್ಟಿರುವ ಸ್ಮಾರಕಗಳು 3,600ಕ್ಕೂ ಹೆಚ್ಚು. ಅವುಗಳಲ್ಲಿ ಟಿಕೆಟ್ ಇರುವುದು ನೂರೈವತ್ತಕ್ಕಿಂತ ಕಡಿಮೆ ಕಡೆಗಳಲ್ಲಿ. ಎಂದರೆ, ನಮ್ಮ ಪರಂಪರೆಯ ಬಹುಪಾಲು ವರ್ಷವಿಡೀ ಉಚಿತವಾಗಿಯೇ ಇದೆ. ಆದರೂ ನಾವು ಹೋಗುವುದಿಲ್ಲ. ಹಾಗಾದರೆ ನಮ್ಮನ್ನು ತಡೆಯುತ್ತಿರುವುದು ಟಿಕೆಟ್ಟಲ್ಲ ಎಂಬುದು ಸ್ಪಷ್ಟವಾಯಿತು.

ಹಬ್ಬಕ್ಕೆ ಒಂದು ತಿಥಿ ಬೇಕು. ತಿಥಿಯಿಲ್ಲದ ಹಬ್ಬವನ್ನು ಯಾರೂ ಆಚರಿಸರು. ಉಚಿತ ಪ್ರವೇಶದ ದಿನದ ನಿಜವಾದ ಬೆಲೆ ಇದೇ ಎಂದು ನಮಗೆ ತೋರುತ್ತದೆ. ಕೆಲವೇ ರೂಪಾಯಿಗಳ ಉಳಿತಾಯಕ್ಕಿಂತ, 'ಈ ದಿನ ಹೋಗೋಣ' ಎಂದು ಹೇಳಲು ಒಂದು ನೆಪ ದೊರೆಯುವುದು ದೊಡ್ಡದು. ಬಾಗಿಲು ತೆರೆದ ಮೇಲೆ ಒಳಗಿರುವುದನ್ನು ತಿಳಿಸಿ ಹೇಳುವವರು ಬೇಕು. ಆ ಕೆಲಸ ನಮ್ಮದೇ.

ಕಂಬದ ಮೇಲಿನ ಗೆರೆಗಳು

2023ರ ನವೆಂಬರ್ 19 ಭಾನುವಾರವಾಗಿತ್ತು. ಬೆಳಗಿನ ಬಲಿಪೂಜೆ ಮುಗಿಸಿ, ಹಾರೋಹಳ್ಳಿ ಕಡೆಯ ಆರು ಕುಟುಂಬಗಳ ಜೊತೆಯಲ್ಲಿ ನಾವು ಒಂದು ಬಾಡಿಗೆ ವ್ಯಾನಿನಲ್ಲಿ ಹೊರಟೆವು. ಅಂದು ಅಹಮದಾಬಾದಿನಲ್ಲಿ ವಿಶ್ವಕಪ್ ಕ್ರಿಕೆಟ್ಟಿನ ಅಂತಿಮ ಪಂದ್ಯವಿದ್ದುದರಿಂದ ಹುಡುಗರಿಗೆ ಮನಸ್ಸು ಪೂರ್ತಿಯಾಗಿ ಇರಲಿಲ್ಲ. ದಾರಿಯಲ್ಲಿ ಮೊಬೈಲಿನಲ್ಲಿ ಪಂದ್ಯ ನೋಡಬಹುದೆಂಬ ಒಪ್ಪಂದದ ಮೇಲೆ ಅವರು ವ್ಯಾನು ಹತ್ತಿದರು.

ಕನಕಪುರ, ಮಳವಳ್ಳಿಗಳನ್ನು ದಾಟಿ ಬನ್ನೂರಿನ ಮಾರ್ಗವಾಗಿ ಸೋಮನಾಥಪುರ ತಲುಪಿದೆವು. 1268ರಲ್ಲಿ, ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕನಾಗಿದ್ದ ಸೋಮನಾಥನು ಕಟ್ಟಿಸಿದ ಕೇಶವ ದೇವಾಲಯ ಇಲ್ಲಿದೆ. ಬೇಲೂರು, ಹಳೇಬೀಡುಗಳೊಡನೆ ಇದೂ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ನಮ್ಮ ಭೇಟಿಗೆ ಎರಡೇ ತಿಂಗಳ ಹಿಂದೆ, 2023ರ ಸೆಪ್ಟೆಂಬರ್‌ನಲ್ಲಿ. ಮೂರು ಗರ್ಭಗೃಹಗಳು, ನಕ್ಷತ್ರಾಕಾರದ ಜಗತಿ, ಒಂದರಂತೆ ಇನ್ನೊಂದಿಲ್ಲದ ಒಳಛಾವಣಿಗಳು, ಇವನ್ನು ಮಕ್ಕಳು ಅರ್ಧ ಗಂಟೆಯಲ್ಲಿ ನೋಡಿ ಮುಗಿಸಿದರು. ಬಳಿಕ ನೆರಳು ಹುಡುಕಿಕೊಂಡು ಕುಳಿತರು.

ಆಗ ನಮ್ಮೊಡನಿದ್ದ ತಂದೆಯೊಬ್ಬರು ಒಳಗಿನ ಕಂಬದ ಮುಂದೆ ಬಹಳ ಹೊತ್ತು ನಿಂತಿದ್ದುದನ್ನು ಕಂಡೆವು. ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ಅವರು ಲೇತ್ ಯಂತ್ರ ನಡೆಸುವವರು. ಕಂಬದ ಉಂಗುರದಂಥ ಗೆರೆಗಳ ಮೇಲೆ ಬೆರಳು ತೋರಿಸುತ್ತಾ ಅವರು ಮಗನನ್ನು ಕರೆದು, "ಬಾರೋ ಇಲ್ಲಿ, ಇದನ್ನ ಉಳಿಯಲ್ಲಿ ಕೆತ್ತಿಲ್ಲ ಕಣೋ. ಕಲ್ಲನ್ನೇ ತಿರುಗಿಸಿ ಕಡೆದಿದ್ದಾರೆ. ನಾನು ದಿನಾ ಮಾಡೋ ಕೆಲಸ ಇದೇ" ಎಂದರು. ಅವರ ಮಾತು ಸರಿಯಾಗಿತ್ತು. ಹೊಯ್ಸಳರ ಕಾಲದ ಶಿಲ್ಪಿಗಳು ಮೃದುವಾದ ಬಳಪದ ಕಲ್ಲನ್ನು ಆರಿಸಿಕೊಂಡು, ಕಂಬಗಳನ್ನು ತಿರುಗಿಸಿ ಹದಗೊಳಿಸುತ್ತಿದ್ದರೆಂಬುದು ವಿದ್ವಾಂಸರು ಒಪ್ಪಿರುವ ವಿಚಾರ. ನೆರಳಿನಲ್ಲಿ ಕುಳಿತಿದ್ದ ಮಕ್ಕಳೆಲ್ಲ ಎದ್ದು ಬಂದು ಕಂಬವನ್ನು ಸುತ್ತುವರಿದರು. ಅಷ್ಟು ಭಾರದ ಕಲ್ಲನ್ನು ವಿದ್ಯುತ್ತಿಲ್ಲದೆ ತಿರುಗಿಸಿದ್ದು ಹೇಗೆ? ನಡುವೆ ಬಿರುಕು ಬಿಟ್ಟರೆ ಏನು ಮಾಡುತ್ತಿದ್ದರು? ಪ್ರಶ್ನೆಗಳ ಮೇಲೆ ಪ್ರಶ್ನೆಗಳು ಬಂದವು. ಕ್ರಿಕೆಟ್ಟಿನ ಮಾತು ಸ್ವಲ್ಪ ಹೊತ್ತು ಮರೆಯಿತು.

ಇಲ್ಲಿಯ ಹೊರಗೋಡೆಯ ಶಿಲ್ಪಗಳ ಕೆಳಗೆ ಶಿಲ್ಪಿಗಳು ತಮ್ಮ ಹೆಸರುಗಳನ್ನು ಕೆತ್ತಿರುವುದು ಇನ್ನೊಂದು ವಿಶೇಷ. ಮಲ್ಲಿತಮ್ಮ ಎಂಬ ಹೆಸರು ಹಲವು ಕಡೆ ಕಾಣುತ್ತದೆ. ಕಟ್ಟಿಸಿದ ದಂಡನಾಯಕನ ಹೆಸರು ಶಾಸನದಲ್ಲಿ ಉಳಿಯುವುದು ಸಹಜ; ಕೂಲಿ ಪಡೆದು ಕೆಲಸ ಮಾಡಿದವನ ಹೆಸರೂ ಸುಮಾರು ಏಳೂವರೆ ಶತಮಾನ ಉಳಿದಿರುವುದು ಕಾರ್ಮಿಕ ಕುಟುಂಬಗಳಿಗೆ ಸಣ್ಣ ಮಾತಲ್ಲ. ಅನ್ಯಧರ್ಮದ ದೇವಾಲಯದಲ್ಲಿ ನಮಗೇನು ಕೆಲಸ ಎಂದು ಹೊರಡುವ ಮುನ್ನ ಕೇಳಿದ್ದ ಹಿರಿಯರೊಬ್ಬರು, ಆ ಅಕ್ಷರಗಳನ್ನು ಒಂದೊಂದಾಗಿ ಗುರುತಿಸಲು ಯತ್ನಿಸುತ್ತಿದ್ದುದನ್ನು ನಾವು ಸಂತೋಷದಿಂದ ನೋಡಿದೆವು.

ಸೆರೆಯ ನೆನಪು, ಕರುಣೆಯ ನೆನಪು

ಬನ್ನೂರಿನಿಂದ ಶ್ರೀರಂಗಪಟ್ಟಣಕ್ಕೆ ಬಂದರೆ ಗಂಜಾಂ ಕಡೆಯಲ್ಲಿ ದರಿಯಾ ದೌಲತ್ ಇದೆ. 1784ರಲ್ಲಿ ಟಿಪ್ಪು ಸುಲ್ತಾನನು ಕಟ್ಟಿಸಿದ ಈ ಬೇಸಗೆಯ ಅರಮನೆಗೂ ಅಂದು ಟಿಕೆಟ್ ಇರಲಿಲ್ಲ. ತೇಗದ ಮರದ ಕಂಬಗಳು, ಒಂದಿಂಚೂ ಬರಿದಾಗಿರದ ಗೋಡೆಗಳು. 1780ರ ಪೊಳ್ಳಿಲೂರು ಕಾಳಗದಲ್ಲಿ ಇಂಗ್ಲಿಷರ ಸೇನೆ ಸೋತದ್ದನ್ನು ಪಡುವಣ ಗೋಡೆಯ ಮೇಲೆ ಬರೆಯಲಾಗಿದೆ. ಆ ಕಾಳಗದಲ್ಲಿ ಸೆರೆಸಿಕ್ಕ ಕರ್ನಲ್ ಬೇಲಿ 1782ರಲ್ಲಿ ಇದೇ ಪಟ್ಟಣದಲ್ಲಿ ತೀರಿಕೊಂಡನು.

ಕ್ರೈಸ್ತ ಕುಟುಂಬಗಳಿಗೆ ಶ್ರೀರಂಗಪಟ್ಟಣ ನೋವಿನ ಸ್ಥಳವೂ ಹೌದು. ಅರಮನೆ ಕಟ್ಟಿದ ವರ್ಷವೇ, 1784ರಲ್ಲಿ, ಮಂಗಳೂರು ಸೀಮೆಯ ಕಥೋಲಿಕರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಇಲ್ಲಿಗೆ ಕರೆತರಲಾಯಿತು. ಅನೇಕರು ಮರಳಲಿಲ್ಲ. 1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ, ಚದುರಿ ಹೋಗಿದ್ದ ಕ್ರೈಸ್ತರನ್ನು ಒಂದುಗೂಡಿಸಲು ಬಂದವರು ಪ್ಯಾರಿಸ್ಸಿನ ವಿದೇಶೀ ಮಿಷನ್ ಸಂಸ್ಥೆಯ ಗುರು ಅಬ್ಬೆ ದುಬ್ವಾ. ಜನ ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆದರು. ಸಿಡುಬಿನ ವಿರುದ್ಧ ದೇವಿ ಹಾಕಿಸುವ ಕೆಲಸವನ್ನು ಮೈಸೂರು ಸೀಮೆಯ ಹಳ್ಳಿಗಳಲ್ಲಿ ಹಬ್ಬಿಸಲು ಅವರು ಪಟ್ಟ ಶ್ರಮ ಚರಿತ್ರೆಯಲ್ಲಿ ದಾಖಲಾಗಿದೆ. 1823ರಲ್ಲಿ ಅವರು ಭಾರತವನ್ನು ಬಿಟ್ಟು ತಾಯ್ನಾಡಿಗೆ ಮರಳಿದರು. ಅವರ ಹೆಸರಿನೊಡನೆ ನೆನೆಯಲಾಗುವ ಚಿಕ್ಕ ಚರ್ಚು ಗಂಜಾಂನಲ್ಲಿ ಇನ್ನೂ ನಿಂತಿದೆ. ಅರಮನೆಗೆ ಬರುವ ಸಾವಿರಾರು ಜನರಲ್ಲಿ ಅಷ್ಟು ದೂರ ನಡೆದು ಈ ಚರ್ಚನ್ನು ನೋಡುವವರು ಎಷ್ಟು ಮಂದಿ? ಇದಕ್ಕಿಂತ ಒಂದೂವರೆ ಶತಮಾನ ಹಿಂದೆ, 1649ರಲ್ಲಿ, ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿ ಅವರು ಮೈಸೂರು ಮಿಷನ್ನನ್ನು ಆರಂಭಿಸಿದ್ದೂ ಇದೇ ಶ್ರೀರಂಗಪಟ್ಟಣದಲ್ಲಿ. ನಮ್ಮ ಭಾಗದ ಕನ್ನಡ ಕ್ರೈಸ್ತರ ಬೇರುಗಳನ್ನು ಹುಡುಕಿದರೆ ಈ ದಾರಿಯನ್ನು ಹಿಡಿಯಲೇಬೇಕು.

ಹಿಂದಿರುಗುವಾಗ ಮಂಡ್ಯದ ಹೆದ್ದಾರಿ ಹಿಡಿದು ಚನ್ನಪಟ್ಟಣದಲ್ಲಿ ಇಳಿದೆವು. ಇಲ್ಲಿಯ ಹಳೆಯ ಕೋಟೆಯ ಉತ್ತರಕ್ಕೆ ಎರಡು ದೊಡ್ಡ ಗೋರಿಗಳಿವೆಯೆಂದು ಮೈಸೂರು ಗೆಜೆಟಿಯರ್ ಹೇಳುತ್ತದೆ. ಒಂದು, ಟಿಪ್ಪುವಿನ ಧರ್ಮಗುರು ಅಕಲ್ ಷಾ ಖಾದ್ರಿಯವರದು. ಇನ್ನೊಂದು ಬೆಂಗಳೂರಿನ ದಳಪತಿಯಾಗಿದ್ದ ಸೈಯದ್ ಇಬ್ರಾಹಿಂ ಅವರದು. ಟಿಪ್ಪುವಿನ ಯುದ್ಧಗಳಲ್ಲಿ ಸೆರೆಸಿಕ್ಕವರನ್ನು ಮನುಷ್ಯತ್ವದಿಂದ ನಡೆಸಿಕೊಂಡವರೆಂದು ಗೆಜೆಟಿಯರ್ ಅವರನ್ನು ಹೊಗಳಿದೆ. ಸೆರೆಯಲ್ಲಿದ್ದವರನ್ನು ಕಾಣುವುದು ಕರುಣೆಯ ಕಾರ್ಯಗಳಲ್ಲಿ ಒಂದೆಂದು ನಮ್ಮ ಮಕ್ಕಳು ಧರ್ಮೋಪದೇಶ ತರಗತಿಯಲ್ಲಿ ಬಾಯಿಪಾಠ ಮಾಡುತ್ತಾರೆ. ಆ ಕಾರ್ಯವನ್ನು ಶತ್ರುಪಕ್ಷದ ಮುಸ್ಲಿಂ ದಳಪತಿಯೊಬ್ಬರು ಮಾಡಿ ತೋರಿಸಿದರು; ಅವರ ಗೋರಿ ನಮ್ಮ ನೆರೆಯೂರಿನಲ್ಲಿದೆ. ಒಂದೇ ದಿನದ ಪ್ರಯಾಣದಲ್ಲಿ ಸೆರೆಯ ಕಥೆಯನ್ನೂ ಕರುಣೆಯ ಕಥೆಯನ್ನೂ ಕೇಳಿದ ಮಕ್ಕಳು ಚರಿತ್ರೆಯನ್ನು ಕೇವಲ ದ್ವೇಷಕ್ಕೆ ಬಳಸಿಕೊಳ್ಳಲಾರರು ಎಂಬುದು ನಮ್ಮ ನಂಬಿಕೆ.

ಚನ್ನಪಟ್ಟಣದ ಬೊಂಬೆಯಂಗಡಿಯ ಮುಂದೆ ಆ ಲೇತ್ ಕೆಲಸಗಾರರ ಮಗ ಅರಗಿನ ಬಣ್ಣದ ಬುಗುರಿಯೊಂದನ್ನು ತಿರುವಿ ನೋಡಿ, "ಇದೂ ಕಂಬದ ಹಾಗೆ ತಿರುಗಿಸಿ ಮಾಡಿದ್ದೇ ಅಲ್ವಾ ಅಪ್ಪಾ?" ಎಂದು ಕೇಳಿದನು. ಅಂದಿನ ಪ್ರಯಾಣಕ್ಕೆ ಅಷ್ಟು ಫಲ ಸಾಕಾಗಿತ್ತು.

ಟಿಕೆಟ್ಟೇ ಇಲ್ಲದ ನೆರೆಹೊರೆ

ಇಷ್ಟು ದೂರ ಹೋಗಲಾಗದವರಿಗೆ ನಮ್ಮ ಜಿಲ್ಲೆಯಲ್ಲೇ ಬೇಕಾದಷ್ಟಿದೆ. 2007ರಲ್ಲಿ ರಾಮನಗರ ಜಿಲ್ಲೆಯಾಗಿ ರಚನೆಗೊಂಡು 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಿಸಿಕೊಂಡ ಈ ಸೀಮೆಯ ಪ್ರತಿ ಪಟ್ಟಣದಲ್ಲೂ ಚರಿತ್ರೆಯ ಗುರುತುಗಳಿವೆ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಬ್ಯಾರಿ ಕ್ಲೋಸ್ ಅವರ ನೆನಪಿಗೆ ಇಟ್ಟದ್ದು. ಮಾಗಡಿಯಲ್ಲಿ ಕೆಂಪೇಗೌಡರ ವಂಶದವರ ಕೋಟೆ ಹಾಗೂ ಸೋಮೇಶ್ವರ ದೇವಾಲಯ, ಅಲ್ಲಿಂದ ಅನತಿದೂರದಲ್ಲಿ 1791ರ ಡಿಸೆಂಬರ್‌ನಲ್ಲಿ ಕಾರ್ನ್‌ವಾಲಿಸನ ಸೇನೆ ವಶಪಡಿಸಿಕೊಂಡ ಸಾವನದುರ್ಗ, ಚನ್ನಪಟ್ಟಣದ ಬಳಿ ದೊಡ್ಡಮಳೂರಿನ ಅಪ್ರಮೇಯಸ್ವಾಮಿ ದೇವಾಲಯ. ಕನಕಪುರಕ್ಕೆ ಹಿಂದೆ ಕಾನಕಾನಹಳ್ಳಿ ಎಂಬ ಹೆಸರಿತ್ತು. ಶ್ರೀರಂಗಪಟ್ಟಣದತ್ತ ಸಾಗುವ ಇಂಗ್ಲಿಷರಿಗೆ ನೆರವಾಗಬಾರದೆಂದು ಟಿಪ್ಪು ಆ ಊರನ್ನು ಎರಡು ಬಾರಿ ಹಾಳುಗೆಡವಿಸಿದನೆಂದು ದಾಖಲೆಗಳು ಹೇಳುತ್ತವೆ. ನಿತ್ಯವೂ ಬಸ್ಸಿನ ಕಿಟಕಿಯಿಂದ ನೋಡುವ ಊರುಗಳಿವು. ಇವುಗಳಿಗೆ ಉಚಿತ ದಿನವೆಂಬ ಪ್ರತ್ಯೇಕ ದಿನ ಬೇಕಿಲ್ಲ. ಮನೆಯ ಹಿರಿಯರು ಒಂದು ದಿನವನ್ನು ಗೊತ್ತುಮಾಡಿದರೆ ಸಾಕು.

ನಮ್ಮ ಚರ್ಚುಗಳ ಮಾತು

ಇತರರ ಕಟ್ಟಡಗಳನ್ನು ಕುರಿತು ಇಷ್ಟು ಹೇಳಿದ ಮೇಲೆ ನಮ್ಮವುಗಳನ್ನು ಕುರಿತು ಮೌನವಾಗಿರುವುದು ಸರಿಯಲ್ಲ. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಗುರುಗಳು ಕಟ್ಟಿಸಿದ ಜಪಮಾಲೆ ಮಾತೆಯ ಚರ್ಚು ಹೇಮಾವತಿ ಜಲಾಶಯದ ಹಿನ್ನೀರಿಗೆ ಸಿಕ್ಕಿ, ಮಳೆಗಾಲದಲ್ಲಿ ಮುಳುಗುತ್ತಾ ಬೇಸಗೆಯಲ್ಲಿ ಏಳುತ್ತಾ ಶಿಥಿಲವಾಗುತ್ತಿದೆ. ಅದಕ್ಕೆ ಬಾಗಿಲೂ ಇಲ್ಲ, ಬೀಗವೂ ಇಲ್ಲ. ಚಿತ್ರ ತೆಗೆಯುವವರು ದಿನವೂ ಬರುತ್ತಾರೆ. ಅಲ್ಲಿ ಜ್ಞಾನಸ್ನಾನ ಪಡೆದವರ, ಮದುವೆಯಾದವರ ಕಥೆಯನ್ನು ಹೇಳಲು ಮಾತ್ರ ಯಾರೂ ಇಲ್ಲ. ಬಾಗಿಲು ತೆರೆದಿದ್ದರಷ್ಟೇ ಸಾಲದು ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ. ಇದಕ್ಕೆ ಪ್ರತಿಯಾಗಿ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾ ಮಂದಿರವನ್ನು ನೋಡಬಹುದು. ಸಹೋದರ ಆಂಟೋನಿಯೊ ಮೊಸ್ಕೇನಿಯವರು 1899ರಿಂದ ಗೋಡೆ, ಛಾವಣಿಗಳ ಮೇಲೆ ಬರೆದ ಚಿತ್ರಗಳನ್ನು 1990ರ ದಶಕದ ಆರಂಭದಲ್ಲಿ ತಜ್ಞರು ಜೋಪಾನವಾಗಿ ಹಸನುಗೊಳಿಸಿದರು. ಎಲ್ಲ ಧರ್ಮದವರೂ ಅದನ್ನು ನೋಡಲು ಬರುತ್ತಾರೆ.

ನಮ್ಮ ಗ್ರಾಮಗಳಲ್ಲಿ ಆಗುತ್ತಿರುವುದೇನು? ಜನಸಂಖ್ಯೆ ಬೆಳೆಯಿತು, ಸ್ಥಳ ಸಾಲದು ಎಂದು ಹೆಂಚಿನ ಹಳೆಯ ಚರ್ಚನ್ನು ಕೆಡವಿ ಕಾಂಕ್ರೀಟಿನ ದೊಡ್ಡ ಚರ್ಚನ್ನು ಕಟ್ಟುತ್ತೇವೆ. ಅವಶ್ಯಕತೆ ನಿಜವಿರಬಹುದು. ಆದರೆ ಕೆಡವುವ ಮುನ್ನ ಒಂದು ಚಿತ್ರವನ್ನೂ ತೆಗೆದಿಡದೆ, ಅಳತೆಯನ್ನೂ ಬರೆದಿಡದೆ, ಕಲ್ಲು ಹೊತ್ತ ಅಜ್ಜಂದಿರ ಹೆಸರನ್ನೂ ಕೇಳದೆ ಮುಂದುವರಿದ ಊರುಗಳೆಷ್ಟೋ. ಸೋಮನಾಥಪುರದ ಮಲ್ಲಿತಮ್ಮನ ಹೆಸರು ಇಂದಿಗೂ ಉಳಿದಿದೆ. ಕಳೆದ ಶತಮಾನದಲ್ಲಿ ನಮ್ಮ ಚರ್ಚು ಕಟ್ಟಿದ ಗಾರೆಯವನ ಹೆಸರು ಮರೆತುಹೋಗಿದೆ.

ಇನ್ನೂ ಒಂದು ಮಾತಿದೆ. 2008ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕದ ಹಲವೆಡೆ ಚರ್ಚುಗಳ ಮೇಲೆ ದಾಳಿಗಳಾದವು. ಬಹುಕಾಲದಿಂದ ಕ್ರೈಸ್ತರು ನೆಲೆಸಿರುವ ಕನಕಪುರ ತಾಲ್ಲೂಕಿನ ಹಾರೋಬೆಲೆಯ ಕಪಾಲಬೆಟ್ಟದಲ್ಲಿ 2019ರ ಕ್ರಿಸ್ಮಸ್ ದಿನ ಯೇಸುಸ್ವಾಮಿಯ ಪ್ರತಿಮೆಗೆ ಶಂಕುಸ್ಥಾಪನೆಯಾದಾಗ, ಮರುತಿಂಗಳು ಕನಕಪುರದಲ್ಲಿ ವಿರೋಧದ ಮೆರವಣಿಗೆ ನಡೆಯಿತು. ಇಂಥ ಘಟನೆಗಳ ನಂತರ ಬೀಗ ಗಟ್ಟಿಮಾಡಿಕೊಳ್ಳಬೇಕೆನಿಸುವುದು ಮಾನವ ಸಹಜ. ಎಚ್ಚರಿಕೆ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಒಳಗೆ ಏನಿದೆಯೆಂದು ಎಂದೂ ನೋಡದ ನೆರೆಯವನಿಗೆ ಅನುಮಾನ ಹುಟ್ಟುವುದೂ ಅಷ್ಟೇ ಸಹಜ. ನಾವು ಸೋಮನಾಥಪುರದ ಕಂಬದ ಮುಂದೆ ನಿಂತಂತೆ ಅವನೂ ನಮ್ಮ ಪೀಠದ ಮುಂದೆ ನಿಂತು ಪ್ರಶ್ನೆ ಕೇಳುವಂತಾದರೆ ಅನುಮಾನ ಅಷ್ಟರಮಟ್ಟಿಗಾದರೂ ಕರಗೀತು.

ಮಾಡಬಹುದಾದ ಕೆಲಸ

ಇದಕ್ಕೆ ಸರ್ಕಾರದ ಆದೇಶ ಬೇಕಾಗಿಲ್ಲ, ದೊಡ್ಡ ಖರ್ಚೂ ಇಲ್ಲ. ವಿಶ್ವ ಪರಂಪರೆಯ ದಿನಕ್ಕೆ ಹತ್ತಿರವಾದ, ಪಾಸ್ಖ ಹಬ್ಬದ ಗಡಿಬಿಡಿಯಿಲ್ಲದ ಒಂದು ಭಾನುವಾರ ಮಧ್ಯಾಹ್ನ ಪ್ರತಿ ಧರ್ಮಕೇಂದ್ರವೂ ತನ್ನ ಚರ್ಚನ್ನು ಊರಿಗೆಲ್ಲ ತೆರೆದಿಡಲಿ. 2027ರಲ್ಲಿ ಏಪ್ರಿಲ್ 18 ತಾನಾಗಿಯೇ ಭಾನುವಾರ. ಪಾಸ್ಖ ಹಬ್ಬ ಅದಕ್ಕೆ ಮೂರು ವಾರ ಮುಂಚೆಯೇ ಬರುತ್ತದೆ, ಶಾಲೆಗಳಿಗೂ ಬೇಸಗೆ ರಜೆ. ಗುರುಗಳ ಅನುಮತಿಯಿಂದ ಹಳೆಯ ಜ್ಞಾನಸ್ನಾನದ ಪುಸ್ತಕವನ್ನು ಹೊರತೆಗೆದು, ಯಾರೂ ಮುಟ್ಟದಂತೆ ಗಾಜಿನಡಿ ಇಟ್ಟು, ಒಂದು ಪುಟವನ್ನು ತೋರಿಸಬಹುದು. ಮನೆಮನೆಯ ಪೆಟ್ಟಿಗೆಗಳಲ್ಲಿರುವ ಮದುವೆ, ಮೆರವಣಿಗೆ, ಚರ್ಚಿನ ಉದ್ಘಾಟನೆಯ ಹಳೆಯ ಚಿತ್ರಗಳನ್ನು ಒಂದು ದಿನದ ಮಟ್ಟಿಗೆ ಗೋಡೆಗೆ ತೂಗಬಹುದು. ಊರಿನ ಹಿರಿಯ ಉಪದೇಶಿಗಳನ್ನು ಕುರ್ಚಿಯಲ್ಲಿ ಕುಳ್ಳಿರಿಸಿ ಕಥೆ ಹೇಳಿಸಬಹುದು. ಯುವಕರು ಅದನ್ನು ಬರೆದುಕೊಳ್ಳಲಿ, ಧ್ವನಿಮುದ್ರಿಸಿಕೊಳ್ಳಲಿ. ನೆರೆಯ ಹಿಂದೂ, ಮುಸ್ಲಿಂ ಕುಟುಂಬಗಳಿಗೂ ಕಾರ್ಖಾನೆಯ ಸಹೋದ್ಯೋಗಿಗಳಿಗೂ ಮುಂಚಿತವಾಗಿ ಕರೆ ಹೋಗಲಿ. ಅಂದು ಉಪದೇಶ ಬೇಡ, ಕಾಣಿಕೆ ಡಬ್ಬಿಯೂ ಬೇಡ. ಗಂಟೆ ಎಲ್ಲಿ ಎರಕವಾಯಿತು, ಪೀಠವನ್ನು ಯಾರು ಕೊಟ್ಟರು, ನೆಲದ ಕಲ್ಲು ಯಾವ ಗಣಿಯಿಂದ ಬಂತು ಎಂದು ಬಂದವರಿಗೆ ಹೇಳಿದರೆ ಸಾಕು.

ಹಳೆಯ ಚರ್ಚನ್ನು ಕೆಡವಲೇಬೇಕಾದ ಊರಿನವರಲ್ಲಿ ನಮ್ಮದೊಂದು ಪ್ರತ್ಯೇಕ ವಿನಂತಿ. ಮೊದಲ ಹೆಂಚು ಇಳಿಸುವ ಮುನ್ನ ಇಂಥ ಒಂದು ದಿನವನ್ನು ಆಚರಿಸಿರಿ. ಕಟ್ಟಡವನ್ನು ಎಲ್ಲ ದಿಕ್ಕಿನಿಂದ ಅಳೆದು, ಚಿತ್ರ ತೆಗೆದು, ಅದರ ಬಗ್ಗೆ ಬಲ್ಲವರ ಮಾತನ್ನೆಲ್ಲ ಬರೆದಿಡಿರಿ. ಹೀಗೆ ಊರವರೆಲ್ಲ ಕೂಡಿ ನೋಡಿದ ಮೇಲೆ, ಕೆಡವುವುದಕ್ಕಿಂತ ದುರಸ್ತಿ ಮಾಡಿ ಉಳಿಸಿಕೊಳ್ಳೋಣ ಎಂದು ಕೆಲವರಿಗಾದರೂ ಅನ್ನಿಸಿದರೆ ಆಶ್ಚರ್ಯವಿಲ್ಲ.

ಚರ್ಚಿನ ಆರಂಭದ ಕಥೆಯನ್ನು ಬಲ್ಲ ಹಿರಿಯರು ಇಂದು ಪ್ರತಿ ಊರಿನಲ್ಲೂ ಒಬ್ಬಿಬ್ಬರು ಮಾತ್ರ ಉಳಿದಿದ್ದಾರೆ. ಅವರ ಮಾತನ್ನು ಕೇಳಿಸಿಕೊಳ್ಳುವ ಕೆಲಸವನ್ನು ಈ ಭಾನುವಾರವೇ, ಬಲಿಪೂಜೆ ಮುಗಿದ ಕೂಡಲೇ, ಚರ್ಚಿನ ಜಗಲಿಯಲ್ಲೇ ಆರಂಭಿಸಬಹುದಲ್ಲವೆ?